ಕಾರ್ಡಿನಲ್ಲಿ ಬಂದ ಹಾಡು



ಕೇಳುವವರು ಬೇಡಿದ್ದನ್ನು ಹಾಕಬೇಕೋ, ಅವರು ಕೇಳಬೇಕಾದ್ದನ್ನೋ? ರೇಡಿಯೋಗೆ ಇದು ಹಳೆಯ ಜಗಳ. 1952ರಲ್ಲಿ ಕೇಂದ್ರದ ಪ್ರಸಾರ ಸಚಿವ ಕೇಸ್ಕರ್ ಆಕಾಶವಾಣಿಯಿಂದ ಸಿನಿಮಾ ಹಾಡುಗಳನ್ನು ಹೊರಗಟ್ಟಿದರು. ಜನ ಸುಮ್ಮನೆ ರೇಡಿಯೋ ಸಿಲೋನ್ ಕಡೆಗೆ ಮುಳ್ಳು ತಿರುಗಿಸಿದರು. ಕೊನೆಗೆ 1957ರಲ್ಲಿ ಸಿನಿಮಾ ಹಾಡಿಗೆ ಜಾಗ ಕೊಡಲು ಆಕಾಶವಾಣಿಯಲ್ಲೇ ವಿವಿಧ ಭಾರತಿ ಹುಟ್ಟಿತು. ಗೆದ್ದವರು ಯಾರೆಂದು ಬೇರೆ ಹೇಳಬೇಕೇ?

ಚಿತ್ರದುರ್ಗದ ಆಕಾಶವಾಣಿ 102.6ರಲ್ಲಿ ಎಫ್‌ಎಂ ಆಗಿ ಮಾತಾಡತೊಡಗಿದಾಗ ಈ ಜಗಳ ಮನೆಬಾಗಿಲಿಗೇ ಬಂತು. ಆಗಿನ ಕೋರಿಕೆ ಕಾರ್ಡುಗಳನ್ನು ನೆನೆಯಿರಿ. ಹಾಡಿನ ಹೆಸರು ಒಂದೇ ಸಾಲು. ಉಳಿದ ಜಾಗವೆಲ್ಲ ಅಪ್ಪ, ಅವ್ವ, ಅತ್ತಿಗೆ, ಪಕ್ಕದ ಮನೆಯ ಮಕ್ಕಳ ಹೆಸರು. ಹೊಳಲ್ಕೆರೆಯವರಿಗೆ ಹಾಡಿಗಿಂತ ಊರಿನ ಹೆಸರು ಗಾಳಿಯಲ್ಲಿ ಬಂದದ್ದೇ ಹಬ್ಬ. ನಮ್ಮ ಕೋಟೆಯಲ್ಲೇ ಚಿತ್ರೀಕರಣವಾದ, ತರಾಸು ಕಾದಂಬರಿ ಆಧರಿಸಿದ 1972ರ ‘ನಾಗರಹಾವು’ ಚಿತ್ರದ ಹಾಡು ಬಂದರಂತೂ ವಾಲ್ಯೂಮು ತಾನಾಗಿಯೇ ಏರುತ್ತಿತ್ತು.

ಆದರೆ ಕಾರ್ಡು ಬರೆಯದವರೂ ಇದ್ದರು. ಹಿರಿಯೂರು, ಚಳ್ಳಕೆರೆ ಕಡೆಯ ಗೊಲ್ಲರಹಟ್ಟಿಗಳಲ್ಲಿ ತಮ್ಮ ದೈವ ಜುಂಜಪ್ಪನ ಕಥೆ ಹಾಡುವವರು, ಸಾವಿರಾರು ಪದ ಬಾಯಲ್ಲೇ ಇಟ್ಟುಕೊಂಡಿದ್ದ ಸಿರಿಯಜ್ಜಿಯಂಥವರು. ಇವರ ಹಾಡಿಗೆ ಕ್ಯಾಸೆಟ್ ಕಂಪನಿಯ ಹಂಗಿಲ್ಲ, ಕೋರಿಕೆಯೂ ಇಲ್ಲ. ಮೈಕು ಹಿಡಿದು ಯಾರಾದರೂ ಹಟ್ಟಿಗೇ ಹೋಗಬೇಕು. ಸ್ಥಳೀಯ ಬಾನುಲಿ ಇರುವುದೇ ಇದಕ್ಕೆ; ಸಿನಿಮಾ ಹಾಡು ಹಾಕಲು ಖಾಸಗಿ ಎಫ್‌ಎಂಗಳಿವೆ, ಮೊಬೈಲಿದೆ.

ಹೊಸದುರ್ಗದ ಯಾವುದೋ ಹಳ್ಳಿಯಲ್ಲಿ ಈಗ ಕಾಫಿ ಕುಡಿಯುತ್ತಾ ಇದನ್ನು ಕೇಳುತ್ತಿರುವವರೇ, ನಿಮ್ಮ ಮನೆಯಲ್ಲಿ ಸೋಬಾನೆ ಬಲ್ಲ ಅಜ್ಜಿ ಇದ್ದರೆ ಮುಂದಿನ ಕೋರಿಕೆ ಅವರ ಹಾಡಿಗೇ ಇರಲಿ. ಊರಿನ ಹೆಸರು ಬರೆಯುವುದನ್ನು ಮಾತ್ರ ಮರೆಯಬೇಡಿ.