ಮರಾಮತ್ತು ಮರೆತ ಇಲಾಖೆ

(ಕುಕ್ಕುವಾಡದಲ್ಲಿ ರೈತರು ಹಾಗೂ ವಿದ್ಯಾರ್ಥಿಗಳನ್ನು ಉದ್ದೇಶಿಸಿ ನೀಡಿದ ಉಪನ್ಯಾಸದ ಬರಹರೂಪ)



ನಾನು ಭದ್ರಾ ನದಿಯ ಮೇಲಣ ಮಲೆನಾಡಿನಲ್ಲಿ ನೆಲೆಸಿರುವ ಕೃಷಿ ವಿಜ್ಞಾನಿ. ನೀವು ಅದೇ ನದಿಯ ಅಚ್ಚುಕಟ್ಟಿನಲ್ಲಿ ಭತ್ತ, ಕಬ್ಬು, ಅಡಿಕೆ ಬೆಳೆಯುವವರು. ನಮ್ಮ ನಡುವೆ ಲಕ್ಕವಳ್ಳಿಯ ಅಣೆಕಟ್ಟೆಯಿದೆ, ಅದರಿಂದ ಹೊರಟ ಉದ್ದನೆಯ ನಾಲೆಗಳಿವೆ. ಸರ್ಕಾರಿ ಕಾಮಗಾರಿ ಎಂದರೆ ನಮಗೆ ಘಟ್ಟದ ರಸ್ತೆ, ಮೋರಿ, ಕಾಲುಸಂಕ. ನಿಮಗೆ ನಾಲೆ, ತೂಬು, ಹೊಲಗಾಲುವೆ. ಎರಡರ ಸುಖದುಃಖವೂ ಒಂದೇ ಬಗೆಯದು ಎಂಬುದನ್ನು ಇಂದು ನಿಮ್ಮ ಮುಂದೆ ವಿವರಿಸಬೇಕೆಂದಿದ್ದೇನೆ.

ಹಳೆಯ ಮೈಸೂರು ಸೀಮೆಯಲ್ಲಿ ಲೋಕೋಪಯೋಗಿ ಇಲಾಖೆ ಪ್ರತ್ಯೇಕವಾಗಿ ರೂಪುಗೊಂಡದ್ದು 1856ರಲ್ಲಿ, ಕಮಿಷನರ್ ಮಾರ್ಕ್ ಕಬ್ಬನ್ ಅವರ ಆಡಳಿತದಲ್ಲಿ. ರಸ್ತೆ, ಸೇತುವೆ, ಕೆರೆ, ಕಾಲುವೆ, ಕಟ್ಟಡ ಎಲ್ಲವೂ ಆಗ ಅದರ ಹೊಣೆ. ಕಾಲಕ್ರಮದಲ್ಲಿ ಒಂದು ಇಲಾಖೆ ಹಲವಾಯಿತು. ಇಂದು ಭದ್ರಾ ನಾಲೆ ಕರ್ನಾಟಕ ನೀರಾವರಿ ನಿಗಮದ ವಶದಲ್ಲಿದೆ. ರಾಜ್ಯ ಹೆದ್ದಾರಿ ಮತ್ತು ಜಿಲ್ಲಾ ಮುಖ್ಯ ರಸ್ತೆಗಳು ಲೋಕೋಪಯೋಗಿ ಇಲಾಖೆಯವು. ಹಳ್ಳಿಯ ರಸ್ತೆಗಳು ಪಂಚಾಯತ್ ರಾಜ್ ಇಂಜಿನಿಯರಿಂಗ್ ವಿಭಾಗದವು. ನಾಲ್ವತ್ತು ಹೆಕ್ಟೇರಿಗಿಂತ ಹೆಚ್ಚಿನ ಅಚ್ಚುಕಟ್ಟುಳ್ಳ ಕೆರೆ ಸಣ್ಣ ನೀರಾವರಿ ಇಲಾಖೆಗೆ ಸೇರಿದರೆ, ಅದಕ್ಕಿಂತ ಚಿಕ್ಕದು ಪಂಚಾಯಿತಿಗೆ ಸೇರುತ್ತದೆ. ಆದುದರಿಂದಲೇ ಹಳ್ಳಿಗನು ಒಂದು ಮೋರಿ ಕುಸಿದಾಗ ಯಾರ ಬಾಗಿಲು ತಟ್ಟಬೇಕೆಂದು ತಿಳಿಯದೆ ಕಚೇರಿಯಿಂದ ಕಚೇರಿಗೆ ಅಲೆಯುತ್ತಾನೆ.

ನಮ್ಮ ಹಿರಿಯರು ಈ ಇಲಾಖೆಯನ್ನು 'ಮರಾಮತ್ತು ಇಲಾಖೆ' ಎಂದು ಕರೆಯುತ್ತಿದ್ದರು. ಮರಾಮತ್ತು ಎಂದರೆ ದುರಸ್ತಿ. ಜನರ ಕಣ್ಣಿಗೆ ಆ ಇಲಾಖೆಯ ಮುಖ್ಯ ಕೆಲಸ ಕಟ್ಟಿದ್ದನ್ನು ಕಾಪಾಡುವುದಾಗಿತ್ತು. ಇಂದು ಅದು ಹಿಂದೆ ಸರಿದು ಹೊಸ ಕಾಮಗಾರಿಯೇ ಮುಂದೆ ಬಂದಿದೆ. ಹೊಸ ಸೇತುವೆಗೆ ಶಂಕುಸ್ಥಾಪನೆ ಇದೆ, ಉದ್ಘಾಟನೆ ಇದೆ, ಕಲ್ಲಿನ ಮೇಲೆ ಹೆಸರು ಇದೆ. ಚರಂಡಿಯ ಹೂಳು ತೆಗೆದವನಿಗೆ ಇವು ಯಾವುವೂ ಇಲ್ಲ. ಇಲಾಖೆಯ ಸಾಧನೆಯನ್ನು ಎಷ್ಟು ಕೋಟಿ ವೆಚ್ಚವಾಯಿತು, ಎಷ್ಟು ಕಿಲೋಮೀಟರ್ ಮುಗಿಯಿತು ಎಂಬುದರಿಂದ ಅಳೆಯುತ್ತೇವೆಯೇ ಹೊರತು, ಕಟ್ಟಿದ್ದು ಎಷ್ಟು ದಿನ ಕೆಲಸ ಮಾಡಿತು ಎಂಬುದರಿಂದ ಅಳೆಯುವುದಿಲ್ಲ. ನನ್ನ ಇಂದಿನ ಮಾತಿನ ಸಾರ ಇಷ್ಟೇ: ಅಳತೆಗೋಲು ಬದಲಾಗದೆ ಸೇವೆ ಸುಧಾರಿಸದು.

ದುರಸ್ತಿಯ ಬೆಲೆ ಏನೆಂಬುದನ್ನು ನಿಮ್ಮ ನದಿಯೇ ಇತ್ತೀಚೆಗೆ ತೋರಿಸಿತು. ಭದ್ರೆ ಕೂಡಲಿಯಲ್ಲಿ ತುಂಗೆಯನ್ನು ಸೇರಿ, ಹರಿಹರವನ್ನು ದಾಟಿ, ಹೊಸಪೇಟೆಯ ಬಳಿ ತುಂಗಭದ್ರಾ ಜಲಾಶಯವನ್ನು ತುಂಬುತ್ತದೆ. 2024ರ ಆಗಸ್ಟ್ 10ರ ರಾತ್ರಿ ಅಲ್ಲಿಯ 19ನೇ ಕ್ರೆಸ್ಟ್ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಅದು ಏಳು ದಶಕ ದುಡಿದ ಅಣೆಕಟ್ಟೆ. ರೈತರು ಬೆಳೆಗೆಂದು ಎದುರುನೋಡುತ್ತಿದ್ದ ನೀರು ಕಣ್ಣೆದುರಿಗೇ ನದಿಪಾಲಾಯಿತು. ಆದರೆ ಸುಮಾರು ಒಂದು ವಾರದಲ್ಲಿ, ಹರಿಯುವ ನೀರಿನಲ್ಲಿಯೇ ತಡೆಹಲಗೆಗಳನ್ನು ಇಳಿಸಿ ಕಿಂಡಿಯನ್ನು ಮುಚ್ಚಲಾಯಿತು. ನಮ್ಮ ಇಂಜಿನಿಯರುಗಳಿಗೂ ಕೆಲಸಗಾರರಿಗೂ ಸಾಮರ್ಥ್ಯವಿಲ್ಲ ಎಂದು ಯಾರೂ ಹೇಳಲಾರರು. ಆಪತ್ತು ಬಂದಾಗ ಕಾಣುವ ಆ ಶ್ರದ್ಧೆ ಸಾಮಾನ್ಯ ದಿನಗಳ ತಪಾಸಣೆಗೂ ಹೇಗೆ ಬರಬೇಕು ಎಂಬುದೇ ಪ್ರಶ್ನೆ.

ಈಗ ನಿಮ್ಮ ನಾಲೆಗೆ ಬರೋಣ. ಭದ್ರಾ ಜಲಾಶಯದ ಸಾಮರ್ಥ್ಯ ಸುಮಾರು 71.5 ಟಿ.ಎಂ.ಸಿ.; ಅಚ್ಚುಕಟ್ಟು ಒಂದು ಲಕ್ಷ ಹೆಕ್ಟೇರಿಗೂ ಹೆಚ್ಚು. ಜಲಾಶಯ ತುಂಬಿದ ವರ್ಷದಲ್ಲಿಯೂ ಕೊನೆಯ ಭಾಗದ ರೈತ ನೀರಿಗಾಗಿ ಕಾಯುತ್ತಾನೆ. 2023ರಂಥ ಬರದ ವರ್ಷದಲ್ಲಂತೂ ದಾವಣಗೆರೆಯ ರೈತರು ನಾಲೆಯ ನೀರಿಗಾಗಿ ಬೀದಿಗಿಳಿಯಬೇಕಾಯಿತು. ಇದಕ್ಕೆ ಮಳೆಯೊಂದೇ ಕಾರಣವಲ್ಲ. ಮಣ್ಣಿನ ಕಾಲುವೆಯಲ್ಲಿ ಜೊಂಡು ದಟ್ಟವಾಗಿ ಬೆಳೆದರೆ ನೀರಿನ ವೇಗ ಅರ್ಧಕ್ಕೂ ಇಳಿಯಬಲ್ಲದು. ಹೂಳು ತುಂಬಿದರೆ ನಾಲೆಯ ಪಾತ್ರವೇ ಕಿರಿದಾಗುತ್ತದೆ. ತೂಬಿನ ಗೇಟು ಮುರಿದಿದ್ದರೆ ಮೇಲಿನ ಗದ್ದೆಯಲ್ಲಿ ಹಗಲಿರುಳು ನೀರು ನಿಲ್ಲುತ್ತದೆ, ಕೆಳಗಿನ ಹೊಲ ಬಿರುಕುಬಿಡುತ್ತದೆ. ಇವುಗಳಲ್ಲಿ ಯಾವುದಕ್ಕೂ ಹೊಸ ಅಣೆಕಟ್ಟೆ ಬೇಕಿಲ್ಲ.

ಇಂಥದೇ ಸಮಸ್ಯೆಯನ್ನು ಸರ್ ಎಂ. ವಿಶ್ವೇಶ್ವರಯ್ಯನವರು ಹತ್ತೊಂಬತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ಪುಣೆ ಭಾಗದ ನೀರಾ ನಾಲೆಯಲ್ಲಿ ಎದುರಿಸಿದರು. ಅವರು ಆಗ ಬೊಂಬಾಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯ ಇಂಜಿನಿಯರರು. ಅಲ್ಲಿಯೂ ಕಬ್ಬಿನ ಗದ್ದೆಗಳು ಅತಿಯಾಗಿ ನೀರು ಕುಡಿಯುತ್ತಿದ್ದವು. ಅವರು ರೂಪಿಸಿದ ಬ್ಲಾಕ್ ಪದ್ಧತಿಯಲ್ಲಿ ಜಮೀನನ್ನು ಬ್ಲಾಕುಗಳಾಗಿ ಗುರುತಿಸಿ, ಕಬ್ಬನ್ನು ಒಂದು ಪಾಲಿಗೆ ಮಿತಗೊಳಿಸಿ, ಉಳಿದುದರಲ್ಲಿ ಕಡಿಮೆ ನೀರಿನ ಬೆಳೆಗಳನ್ನು ಸರದಿಯಂತೆ ಬೆಳೆಯುವ ಏರ್ಪಾಡು ಇತ್ತು. ಇದ್ದ ನೀರನ್ನೇ ಹೆಚ್ಚು ಹಳ್ಳಿಗಳಿಗೆ ಹಂಚುವುದು ಅದರ ಉದ್ದೇಶ. ಕೃಷಿ ವಿಜ್ಞಾನವೂ ಅದನ್ನೇ ಹೇಳುತ್ತದೆ: ಒಂದು ಎಕರೆ ಭತ್ತಕ್ಕೆ ಬೇಕಾಗುವ ನೀರಿನಲ್ಲಿ ಎರಡು ಎಕರೆ ಮೆಕ್ಕೆಜೋಳ ಬೆಳೆಯಬಹುದು.

ಮಲೆನಾಡಿನ ಕಡೆಗೆ ನೋಡಿ. ಡಾಂಬರಿಗೆ ನೀರೇ ಶತ್ರು. ಬದಿಯ ಚರಂಡಿ ಕಟ್ಟಿದರೆ ಮಳೆನೀರು ರಸ್ತೆಯ ಮೇಲೆ ಹರಿದು ತಳಪಾಯಕ್ಕೆ ಇಳಿಯುತ್ತದೆ. ಒಂದೇ ಮಳೆಗಾಲದಲ್ಲಿ ರಸ್ತೆ ಹೊಂಡವಾಗುತ್ತದೆ. ಮೋರಿ ಕಟ್ಟಿದಲ್ಲಿ ನೀರು ಹೊಸ ದಾರಿ ಹುಡುಕಿ ಧರೆಯನ್ನು ಕೊರೆಯುತ್ತದೆ. 2019ರ ಆಗಸ್ಟಿನ ಮಳೆಯಲ್ಲಿ ಚಾರ್ಮಾಡಿ ಘಾಟಿ ಕುಸಿದು ಸಂಚಾರ ನಿಂತದ್ದು ನಿಮಗೆ ನೆನಪಿರಬಹುದು. ರಸ್ತೆ ಅಗಲಿಸಲು ಅಗೆದ ಮಣ್ಣನ್ನು ಇಳಿಜಾರಿಗೆ ಸುರಿದರೆ ಅದು ಹಳ್ಳಕ್ಕೆ, ಹಳ್ಳದಿಂದ ನದಿಗೆ, ಕೊನೆಗೆ ನಿಮ್ಮ ಜಲಾಶಯಕ್ಕೆ ಬರುತ್ತದೆ. ಕುದುರೆಮುಖದ ಗಣಿಗಾರಿಕೆ ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ 2005ರ ಕೊನೆಗೆ ನಿಂತಿತು. ಆದರೆ ರಸ್ತೆಬದಿಯ ಮಣ್ಣು ಹರಿದು ಬರುವುದು ನಿಂತಿಲ್ಲ. ಆದುದರಿಂದ ನಮ್ಮ ಊರಿನ ಚರಂಡಿ ನಿಮ್ಮ ಊರಿನ ವಿಷಯವೂ ಹೌದು.

ಹಾಗಾದರೆ ಏನು ಮಾಡಬೇಕು? ಐದು ಮಾತುಗಳನ್ನು ಸೂಚಿಸುತ್ತೇನೆ.

ಮೊದಲನೆಯದು, ಲೆಕ್ಕದ ರೀತಿ. ಕೊನೆಯ ತೂಬಿಗೆ ಈ ಬೆಳೆಯಲ್ಲಿ ಎಷ್ಟು ದಿನ ನೀರು ತಲುಪಿತು, ಈ ರಸ್ತೆಯಲ್ಲಿ ಮಳೆಗಾಲದ ಎಷ್ಟು ದಿನ ಬಸ್ಸು ಓಡಿತು ಎಂಬುದನ್ನು ಪ್ರತಿ ಉಪವಿಭಾಗವೂ ಬರೆದು ಪ್ರಕಟಿಸಬೇಕು.

ಎರಡನೆಯದು, ಕಾಲ ಮತ್ತು ಕೈಗಳು. ಆರ್ಥಿಕ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ. ಮಳೆ ಜೂನ್‌ನಲ್ಲಿ ಬರುತ್ತದೆ. ನಿರ್ವಹಣೆಯ ಹಣ ಏಪ್ರಿಲ್‌ನಲ್ಲಿಯೇ ಕೈಸೇರಿದರೆ ಮಾತ್ರ ಮೇ ತಿಂಗಳಲ್ಲಿ ಚರಂಡಿ ಶುದ್ಧವಾದೀತು. ಅದನ್ನು ಮಾಡುವ ಕೈಗಳೂ ಬೇಕು. ರಸ್ತೆಯ ಗ್ಯಾಂಗಿನವರು, ನಾಲೆಯ ಸೌಡಿಗಳು, ಕೆರೆಯ ನೀರಗಂಟಿಗಳು ಇವರೇ ವ್ಯವಸ್ಥೆಯ ಕಣ್ಣು. ಅವರಿಗೆ ಭದ್ರವಾದ ಕೆಲಸವೂ ಸಕಾಲಕ್ಕೆ ಸಂಬಳವೂ ದೊರೆಯದಿದ್ದರೆ ಮೇಲಿನ ಅಧಿಕಾರಿಗೆ ನೆಲದ ಸುದ್ದಿ ತಲುಪುವುದಿಲ್ಲ. 2000ದಲ್ಲಿ ಆರಂಭವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯಲ್ಲಿ ರಸ್ತೆ ಕಟ್ಟಿದ ಗುತ್ತಿಗೆದಾರನೇ ಐದು ವರ್ಷ ನಿರ್ವಹಿಸಬೇಕೆಂಬ ನಿಯಮವಿದೆ. ಈ ತತ್ತ್ವ ಎಲ್ಲ ರಸ್ತೆಗಳಿಗೂ ಬರಲಿ.

ಮೂರನೆಯದು, ಅಳತೆ ಪುಸ್ತಕ. ಇಂಜಿನಿಯರು ಸ್ಥಳದಲ್ಲಿ ಅಳೆದದ್ದನ್ನು ಬರೆಯುವ ಎಂ.ಬಿ. ಪುಸ್ತಕವೇ ಬಿಲ್ಲಿನ ಆಧಾರ. 2005ರ ಮಾಹಿತಿ ಹಕ್ಕು ಕಾಯ್ದೆ ದಾಖಲೆಯ ನಕಲನ್ನಷ್ಟೇ ಅಲ್ಲ, ಕಾಮಗಾರಿಯನ್ನು ಪರಿಶೀಲಿಸುವ, ಸಾಮಗ್ರಿಯ ದೃಢೀಕೃತ ಮಾದರಿಯನ್ನು ಪಡೆಯುವ ಹಕ್ಕನ್ನೂ ನಮಗೆ ಕೊಟ್ಟಿದೆ. ವಿದ್ಯಾರ್ಥಿಗಳು ಇದನ್ನು ಮುಖ್ಯವಾಗಿ ಗಮನಿಸಬೇಕು. ಅರ್ಜಿ ಹಾಕುವ ತನಕ ಕಾಯದೆ, ಆ ಪುಸ್ತಕದ ಪುಟಗಳನ್ನು ಗ್ರಾಮಸಭೆಯಲ್ಲಿ ಓದುವ ಪದ್ಧತಿ ಬಂದರೆ ಪ್ರಾಮಾಣಿಕ ಇಂಜಿನಿಯರಿಗೂ ಅದು ರಕ್ಷಣೆಯಾಗುತ್ತದೆ.

ನಾಲ್ಕನೆಯದು, ಗಡುವು ಮತ್ತು ಸ್ಥಿರತೆ. 2011ರ ಕಾಯ್ದೆಯ ಮೂಲಕ ಬಂದ 'ಸಕಾಲ' ಯೋಜನೆ ಸರ್ಕಾರಿ ಸೇವೆಗಳಿಗೆ ದಿನಗಳ ಮಿತಿಯನ್ನು ಹಾಕಿತು. ತಡವಾದರೆ ದಿನಕ್ಕೆ 20 ರೂಪಾಯಿಯಂತೆ ಪರಿಹಾರವನ್ನೂ ಗೊತ್ತುಪಡಿಸಿತು. ಜಾತಿ ಪ್ರಮಾಣಪತ್ರಕ್ಕೆ ಇರುವಂಥ ಗಡುವು ಮುರಿದ ತೂಬಿಗೂ ಕುಸಿದ ಮೋರಿಗೂ ಇರಬೇಕು. ಆದರೆ ಗಡುವಿಗೆ ಉತ್ತರ ಹೇಳುವ ಅಧಿಕಾರಿ ಆ ಸ್ಥಳದಲ್ಲಿ ಉಳಿದಿರಬೇಕಲ್ಲವೆ? ದಕ್ಷಿಣ ಭಾರತದ ಕಾಲುವೆ ನೀರಾವರಿಯನ್ನು ಅಭ್ಯಸಿಸಿದ ರಾಬರ್ಟ್ ವೇಡ್ ಅವರು, ಹಣ ಕೊಟ್ಟು ವರ್ಗಾವಣೆ ಪಡೆಯುವ ವ್ಯವಸ್ಥೆಯೇ ನಿರ್ವಹಣೆಯನ್ನು ಹೇಗೆ ಕೆಡಿಸುತ್ತದೆಂಬುದನ್ನು 1982ರಲ್ಲಿಯೇ ಬರೆದು ತೋರಿಸಿದರು. ಒಂದು ನಾಲೆಯನ್ನು ಅರಿಯಲು ಕೆಲವು ಬೆಳೆಗಳಾದರೂ ಬೇಕು.

ಐದನೆಯದು, ನಮ್ಮ ಪಾಲು. ನಾಲೆಗೆ ಪಂಪು ಇಟ್ಟು ನೀರೆತ್ತುವವನು ಇಲಾಖೆಯ ನೌಕರನಲ್ಲ, ನಮ್ಮಂಥ ರೈತ. ಮನೆಯ ದಾರಿಗೆಂದು ಪೈಪು ಹಾಕದೆ ರಸ್ತೆಯ ಚರಂಡಿಯನ್ನು ಮಣ್ಣಿನಿಂದ ಮುಚ್ಚುವವರೂ ಮಲೆನಾಡಿನ ನಾವೇ. ನೀರು ಬಳಕೆದಾರರ ಸಹಕಾರ ಸಂಘಗಳಿಗೆ ಕಾನೂನಿನ ಬಲ ಬಂದು ಎರಡು ದಶಕ ದಾಟಿತು. ಎಷ್ಟು ಸಂಘಗಳಲ್ಲಿ ಮೇಲಿನ ತೂಬಿನವರೂ ಕೊನೆಯ ತೂಬಿನವರೂ ಒಟ್ಟಿಗೆ ಕುಳಿತು ಸರದಿಯನ್ನು ನಿರ್ಧರಿಸುತ್ತಾರೆ ಎಂದು ನಮ್ಮನ್ನೇ ಕೇಳಿಕೊಳ್ಳೋಣ. ನಾವು ಒಂದಾಗಿ ಹೋದರೆ ಮಾತ್ರ ಕಚೇರಿಯಲ್ಲಿ ನಮ್ಮ ಮಾತಿಗೆ ತೂಕ.

ಕೊನೆಯದಾಗಿ ವಿದ್ಯಾರ್ಥಿಗಳಲ್ಲಿ ಒಂದು ಕೋರಿಕೆ. ಮುಂದಿನ ಸಲ ನಾಲೆಗೆ ನೀರು ಬಿಡುವ ಮುನ್ನ ನಿಮ್ಮ ಊರಿನ ಹೊಲಗಾಲುವೆಯನ್ನು ತುದಿಯಿಂದ ಬುಡದವರೆಗೆ ನಡೆದು ನೋಡಿ. ಮುರಿದ ಗೇಟು, ಕುಸಿದ ಏರಿ, ಜೊಂಡು ತುಂಬಿದ ಜಾಗ ಇವನ್ನು ಪಟ್ಟಿ ಮಾಡಿ, ಒಂದು ಪ್ರತಿಯನ್ನು ಸಂಘಕ್ಕೂ ಒಂದನ್ನು ಕಿರಿಯ ಇಂಜಿನಿಯರಿಗೂ ಕೊಟ್ಟು ಸ್ವೀಕೃತಿ ಪಡೆಯಿರಿ. ಮುಂದಿನ ವರ್ಷ ಅದೇ ಪಟ್ಟಿಯನ್ನು ಹಿಡಿದು ಮತ್ತೆ ನಡೆಯಿರಿ. ನಮ್ಮ ಮಲೆನಾಡಿನ ವಿದ್ಯಾರ್ಥಿಗಳು ಮೇ ತಿಂಗಳಲ್ಲಿ ತಮ್ಮ ಊರಿನ ರಸ್ತೆಯ ಮೋರಿಗಳನ್ನು ಹಾಗೆಯೇ ಎಣಿಸಲಿ. ಎರಡು ಪಟ್ಟಿಗಳನ್ನು ಒಂದೇ ಮೇಜಿನ ಮೇಲೆ ಇಟ್ಟು ಮಾತನಾಡುವ ದಿನ ಬಂದರೆ, ಇಲಾಖೆಗೆ ಅದರ ಹಳೆಯ ಹೆಸರಿನ ಅರ್ಥವನ್ನು ನಾವು ನೆನಪಿಸಿದಂತಾಗುತ್ತದೆ.