ಹಾಯಾಗಿ ಕಡೆಗಣಿಸುವುದು

ಇವತ್ತು ಒಂದೇ ಒಂದು ಇಂಗ್ಲಿಷ್ ಪದದ ಬಗ್ಗೆ ಮಾತಾಡುತ್ತೇನೆ: ‘ಬ್ಲೈದ್‌ಲಿ’. ನಿಘಂಟು ತೆಗೆದರೆ ‘ಉಲ್ಲಾಸದಿಂದ, ಚಿಂತೆಯಿಲ್ಲದೆ’ ಎಂಬ ಅರ್ಥ ಸಿಗುತ್ತದೆ. ಅಷ್ಟನ್ನೇ ನಂಬಿ ಪತ್ರಿಕೆ ಓದಿದರೆ ಎಡವುತ್ತೀರಿ. ಮಂತ್ರಿಯೊಬ್ಬರು ಎಚ್ಚರಿಕೆಯ ವರದಿಯನ್ನು ‘ಬ್ಲೈದ್‌ಲಿ’ ಕಡೆಗಣಿಸಿದರು ಎಂದಿದ್ದರೆ, ನಗುನಗುತ್ತ ಕಡೆಗಣಿಸಿದರು ಎಂದಲ್ಲ. ಮುಂದೇನಾದೀತೆಂಬ ಗೊಡವೆಯೇ ಅವರಿಗಿರಲಿಲ್ಲ ಎಂದು.

ಹುಟ್ಟಿದಾಗ ಈ ಮಾತಿನಲ್ಲಿ ಕಹಿ ಇರಲಿಲ್ಲ. ಹಳೆಯ ಇಂಗ್ಲಿಷಿನ ‘ಬ್ಲೀದೆ’ಗೆ ಹರ್ಷದ ಜೊತೆ ಸೌಮ್ಯತೆಯ ಅರ್ಥವೂ ಇತ್ತು, ‘ಬ್ಲಿಸ್’ ಅದೇ ಬಳ್ಳಿಯದು. 1820ರಲ್ಲಿ ಕವಿ ಷೆಲ್ಲಿ ತನ್ನ ಕವಿತೆಯಲ್ಲಿ ಬಾನಾಡಿಯೊಂದನ್ನು ‘ಬ್ಲೈದ್ ಸ್ಪಿರಿಟ್’ ಎಂದು ಕರೆದದ್ದು ಶುದ್ಧ ಮೆಚ್ಚುಗೆಯಿಂದ.

ಆ ಕವಿತೆಯಿಂದಲೇ ಹೆಸರೆತ್ತಿಕೊಂಡು ನೋಯೆಲ್ ಕವರ್ಡ್ 1941ರಲ್ಲಿ ‘ಬ್ಲೈದ್ ಸ್ಪಿರಿಟ್’ ಎಂಬ ಹಾಸ್ಯನಾಟಕ ಬರೆದ. ಷೆಲ್ಲಿಯ ‘ಸ್ಪಿರಿಟ್’ ಚೇತನ. ಕವರ್ಡನದು ಸಾಕ್ಷಾತ್ ದೆವ್ವ! ಕಾದಂಬರಿಗೆ ಸರಕು ಹುಡುಕುತ್ತಿದ್ದ ಲೇಖಕ, ಪ್ರೇತಗಳನ್ನು ಕರೆಯುವ ಮದಾಂ ಆರ್ಕಾಟಿಯನ್ನು ಮನೆಗೆ ಕರೆಸುತ್ತಾನೆ. ಬಂದು ಕೂರುವವಳು ಅವನ ಸತ್ತ ಮೊದಲ ಹೆಂಡತಿ ಎಲ್ವಿರಾ. ಎರಡನೆಯ ಹೆಂಡತಿಗೆ ಅವಳು ಕಾಣಿಸುವುದಿಲ್ಲ. ಸಂಸಾರ ಕಲಕುವುದರಲ್ಲಿ ಎಲ್ವಿರಾಗೆ ಎಳ್ಳಷ್ಟೂ ಅಳುಕಿಲ್ಲ, ಆದರೂ ಅವಳನ್ನು ದ್ವೇಷಿಸಲಾಗದು. ಬಾಂಬಿಗೆ ನಲುಗಿದ್ದ ಲಂಡನ್ನಿನಲ್ಲಿ ಸಾವನ್ನು ಗೇಲಿ ಮಾಡಿದ ಈ ನಾಟಕ 1,997 ಪ್ರಯೋಗ ಕಂಡಿತು. ಪದದ ಸಿಹಿ ಮತ್ತು ಹುಳಿ ಎರಡನ್ನೂ ಒಂದೇ ಪಾತ್ರದಲ್ಲಿ ನೋಡಬೇಕೆಂದರೆ ನಾನು ಎಲ್ವಿರಾಳನ್ನೇ ತೋರಿಸುತ್ತೇನೆ.

‘ಬ್ಲೈದ್’ಗೆ ಹಕ್ಕಿ, ಹಾಡು, ಮಕ್ಕಳ ಸಹವಾಸ ಪೂರಾ ತಪ್ಪಿಲ್ಲ. ‘ಲಿ’ ಹತ್ತಿದ ರೂಪಕ್ಕೆ ಮಾತ್ರ ಕಡೆಗಣಿಸುವುದು, ಸುಮ್ಮನೆ ಊಹಿಸಿಕೊಳ್ಳುವುದು, ಏನೂ ಅರಿಯದೆ ಇರುವುದು ಇವೇ ಹೆಚ್ಚಿನ ಒಡನಾಡಿಗಳು. ಅಪಾಯ ಕಾಣದವನೊಬ್ಬ, ಅದನ್ನು ಕಂಡು ಹೇಳುವವನೊಬ್ಬ, ಹೀಗೆ ಇಬ್ಬರಿದ್ದರೇ ಈ ಪದಕ್ಕೆ ಕೆಲಸ. ಅದಕ್ಕೇ ‘ನಾನೀಗ ಬ್ಲೈದ್‌ಲಿ ಕಡೆಗಣಿಸುತ್ತಿದ್ದೇನೆ’ ಎಂದರೆ ತಮಾಷೆಯಾಗುತ್ತದೆ. ‘ಆಗ ಬ್ಲೈದ್‌ಲಿ ನಂಬಿದ್ದೆ’ ಎಂದರೆ ಸರಿ, ಏಕೆಂದರೆ ಆಗಿನ ನಾನು ಬೇರೆ, ಈಗಿನ ನಾನು ಬೇರೆ.

ಕನ್ನಡಕ್ಕೆ ತರುವುದು ಹೇಗೆ? ‘ಬೇಜವಾಬ್ದಾರಿಯಿಂದ’ ಎಂದರೆ ಉಲ್ಲಾಸ ಸೋರಿಹೋಗುತ್ತದೆ. ‘ಕ್ಯಾರೇ ಅನ್ನದೆ’ ಎಂಬುದರಲ್ಲಿ ಗೊತ್ತಿದ್ದೂ ಧಿಕ್ಕರಿಸುವ ಹಟವಿದೆ. ನನ್ನ ಮತ ನಮ್ಮ ‘ಆರಾಮಾಗಿ’ಗೆ. ‘ಗ್ಯಾಸು ಸೋರ್ತಿದೆ, ಇವನು ಆರಾಮಾಗಿ ಬೀಡಿ ಹಚ್ಚೋಕೆ ಹೊರಟ’ ಎಂದು ಹೇಳಿ ನೋಡಿ.