ನಮ್ಮೂರ ಹೊಲ, ನಮ್ಮ ಮಕ್ಕಳ ಪಾಠ
(ಖಡಕಿಯ ಕನ್ನಡ ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



ಖಡಕಿಯಿಂದ ಹೋಳ್ಕರ್ ಸೇತುವೆ ದಾಟಿ ಯೆರವಡೆಯತ್ತ ನಡೆದರೆ ಡೆಕ್ಕನ್ ಕಾಲೇಜು ಸಿಗುತ್ತದೆ. 1939ರಲ್ಲಿ ಡಾ. ಸಾಂಕಲಿಯಾ ಅವರು ಅಲ್ಲಿ ಪ್ರಾಚ್ಯವಸ್ತು ಸಂಶೋಧನೆಯ ಕೆಲಸಕ್ಕೆ ತೊಡಗಿದರು. ಹೋಟೆಲು, ಗಿರಣಿಗಳಲ್ಲಿ ದುಡಿಯುವ ನಮಗೂ ಅದಕ್ಕೂ ಏನು ಸಂಬಂಧವೆಂದು ಕೇಳಬಹುದು. ಸಂಬಂಧ ಉಂಟು.

ಆ ಕಾಲೇಜಿನ ಡಾ. ಪದ್ದಯ್ಯನವರು ಸುರಪುರ ಸೀಮೆಯ ಹುಣಸಗಿಯ ಸುತ್ತ ದಶಕಗಟ್ಟಲೆ ಹುಡುಕಾಡಿದರು. ಇಸಾಂಪುರದಲ್ಲಿ 1997ರಿಂದ 2001ರವರೆಗೆ ಅಗೆತ ನಡೆಯಿತು. ಸುಣ್ಣಕಲ್ಲಿನ ಹಾಸುಬಂಡೆ ಎಬ್ಬಿಸಿ, ಕಲ್ಲಿನಿಂದ ಹೊಡೆದು ಕೊಡಲಿ ಮಾಡುತ್ತಿದ್ದ ಜಾಗವದು. ಸುತ್ತಿಗೆಗಲ್ಲು, ಚಕ್ಕೆ, ಅರೆಬರೆ ಕೊಡಲಿ ಎಲ್ಲವೂ ಅಲ್ಲೇ ಬಿದ್ದಿದ್ದವು. ಒಂದು ಕಾಲಮಾಪನದ ಪ್ರಕಾರ ಅದು ಸುಮಾರು 12 ಲಕ್ಷ ವರ್ಷ ಹಳೆಯದು. ಅದೂ ಒಂದು ಕಾರ್ಖಾನೆಯೇ ಅಲ್ಲವೇ?

ಅದೇ ಸೀಮೆಯ ಬೂದಿಹಾಳದಲ್ಲಿ ಬೂದಿಯ ದಿಬ್ಬವುಂಟು. ನಾಲ್ಕು ಸಾವಿರ ವರ್ಷಗಳ ಹಿಂದೆ ದನಗಾಹಿಗಳು ದೊಡ್ಡಿಯ ಸಗಣಿ ಸುಟ್ಟ ಬೂದಿ ಅದು. ಊರ ಹೆಸರಿನಲ್ಲೇ ಬೂದಿ ಇದೆ. ಪಂಡಿತರು ಬರುವ ಮೊದಲೇ ಜನ ಅದನ್ನು ಕಂಡಿದ್ದರು.

ಆದರೆ ಇಂಥ ಬೂದಿಯನ್ನು ಎಷ್ಟೋ ಕಡೆ ಗೊಬ್ಬರಕ್ಕೆಂದು ಬಂಡಿಗಟ್ಟಲೆ ಹೇರಿದ್ದಾರೆ. ಬಡ ರೈತನನ್ನು ಬಯ್ದು ಫಲವಿಲ್ಲ. ಅದೇನೆಂದು ಅವನಿಗೆ ಹೇಳಿದವರಾರು? ಕಲ್ಲಿನ ಕೊಡಲಿ ಸಿಕ್ಕರೆ ಎತ್ತಿ ಮನೆಗೆ ತರುವುದೂ ತಪ್ಪು. ಪಂಕ್ತಿಯ ಎಲೆ ಎತ್ತಿದ ಮೇಲೆ ಯಾರು ಎಲ್ಲಿ ಕುಳಿತು ಏನು ಉಂಡರೆಂದು ಹೇಳಲಾದೀತೆ? ವಸ್ತುವಿಗಿಂತ ಅದು ಬಿದ್ದಿರುವ ಜಾಗವೇ ಹೆಚ್ಚು ಮಾತಾಡುತ್ತದೆ.

ಆದುದರಿಂದ ಈ ಸಲ ಜಾತ್ರೆಗೆ ಊರಿಗೆ ಹೋದಾಗ ಶಾಲೆಯ ಮಾಸ್ತರರನ್ನು ಕಾಣಿರಿ. ಮಕ್ಕಳು ಅಜ್ಜ ಅಜ್ಜಿಯರನ್ನು ಕೇಳಿ ಹೊಲ, ದಿಬ್ಬ, ಹಳ್ಳಗಳ ಹೆಸರು ಬರೆದುಕೊಳ್ಳಲಿ. ಕಂಡ ಜಾಗವನ್ನು ಊರ ನಕ್ಷೆಯಲ್ಲಿ ಗುರುತಿಸಿ ಪ್ರಾಚ್ಯವಸ್ತು ಇಲಾಖೆಗೆ ತಿಳಿಸಲಿ.

ವಿದ್ವಾಂಸರಲ್ಲೂ ನಮ್ಮದೊಂದು ಬೇಡಿಕೆ. ಅಗೆತದಲ್ಲಿ ಗುದ್ದಲಿ ಹಿಡಿಯುವವರು ಹೆಚ್ಚಾಗಿ ಊರಿನ ಕೂಲಿಕಾರರೇ. ಅವರ ಹೆಸರು ವರದಿಯಲ್ಲಿ ಬರಲಿ. ಸಿಕ್ಕಿದ್ದೇನೆಂದು ಆ ಊರಿನ ಶಾಲೆಯಲ್ಲೇ, ಕನ್ನಡದಲ್ಲೇ ಹೇಳಲಿ. ಮಣ್ಣು ನಮ್ಮದು, ದುಡಿಮೆ ನಮ್ಮದು. ತಿಳಿವಳಿಕೆಯಲ್ಲೂ ನಮಗೆ ಪಾಲು ಬೇಕು.